ಎರಡು ಮಿಲಿಮೀಟರ್

ತರಗತಿಯಲ್ಲಿ ಎಲ್ಲರೂ ಅವಳನ್ನು ಇಲಿ ಎಂದು ಕರೆಯುತ್ತಿದ್ದರು. ತಾಂತ್ರಿಕ ಕಾಲೇಜಿನ ಎರಡನೇ ವರ್ಷದಲ್ಲಿ ಕಂಪ್ಯೂಟರಿನ ಮೇಲೆ ಯಂತ್ರದ ಭಾಗಗಳನ್ನು ಬಿಡಿಸುವ ಪಾಠ ಶುರುವಾದಾಗಿನಿಂದ ಅವಳು ಮೌಸ್ ಹಿಡಿದರೆ ಬಿಡುತ್ತಿರಲಿಲ್ಲ; ಊಟದ ಗಂಟೆ ಹೊಡೆದರೂ ಅಲ್ಲೇ ಕಚ್ಚಿಕೊಂಡು ಕೂತಿರುತ್ತಿದ್ದಳು. ಬೇರೆಯವರು ಒಂದು ಹಲ್ಲುಗಾಲಿ ಬಿಡಿಸಿ ಉಸ್ಸಪ್ಪಾ ಅನ್ನುವಷ್ಟರಲ್ಲಿ ಇವಳು ಇಡೀ ಗೇರ್ ಪೆಟ್ಟಿಗೆಯನ್ನೇ ಜೋಡಿಸಿ ಪರದೆಯ ಮೇಲೆ ಗರಗರ ತಿರುಗಿಸಿ ತೋರಿಸುತ್ತಿದ್ದಳು. ಇಲಿ ಎಂದರೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಒಳಗೊಳಗೇ ಹೆಮ್ಮೆ.

ರೋಬೋಟ್ ಪ್ರಾಜೆಕ್ಟಿಗೆ ಅವಳ ಜೋಡಿಯಾಗಿ ಬಂದವನು ಬೋಲ್ಟು. ಅವನ ಜೇಬಿನಲ್ಲಿ ಸದಾ ನಟ್ಟು ಬೋಲ್ಟುಗಳು ಗಲಗಲ ಅನ್ನುತ್ತಿದ್ದವು, ಅದಕ್ಕೇ ಆ ಹೆಸರು. ಮೋಟಾರು, ವೈರಿನ ಕೆಲಸ ಅವನಿಗೆ ನೀರು ಕುಡಿದಷ್ಟು ಸಲೀಸು. ನಕ್ಷೆ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಏನು ಮಾಡೋಣ ಎಂದು ಇಬ್ಬರೂ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಹೊಲಿಗೆ ಮಾಡಿ ಅವನನ್ನು ಸಾಕಿದ ಅಮ್ಮನಿಗೆ ಹಿಂದಿನ ವರ್ಷ ಪಾರ್ಶ್ವವಾಯು ಹೊಡೆದು, ಬಲಗೈ ಬಲಗಾಲು ಸ್ಪರ್ಶಜ್ಞಾನವನ್ನೇ ಕಳೆದುಕೊಂಡಿದ್ದವು. ಕೋಲೂರಿಕೊಂಡು ಹೇಗೋ ನಡೆಯುತ್ತಿದ್ದಳು. ಎಡಗೈಗೆ ರೂಢಿಯಿಲ್ಲ, ಲೋಟ ತುಟಿಗೆ ಬರುವಷ್ಟರಲ್ಲಿ ಅರ್ಧ ಚೆಲ್ಲಿಹೋಗುತ್ತಿತ್ತು.

"ಲೋಟ ಎತ್ತಿ ಬಾಯಿಗೆ ಹಿಡಿಯೋ ಕೈ ಮಾಡೋಣ ಕಣೆ," ಅಂದ ಬೋಲ್ಟು. "ನೀನು ಬಿಡಿಸು, ನಾನು ಓಡಿಸ್ತೀನಿ."

ಒಂದೂವರೆ ತಿಂಗಳಲ್ಲಿ ಕೈ ಸಿದ್ಧವಾಯಿತು. ಶನಿವಾರ ಅಮ್ಮನನ್ನು ಕಾಲೇಜಿಗೇ ಕರೆತಂದು ಪರೀಕ್ಷಿಸುವುದೆಂದು ನಿಶ್ಚಯವಾಯಿತು. ಆದರೆ ಶುಕ್ರವಾರ ಬೆಳಗ್ಗೆ ತುಂಬಿದ ಲೋಟ ಇಟ್ಟು ನೋಡಿದರೆ, ಮೋಟಾರು ಅರ್ಧ ಎತ್ತಿ ಗುಂಯ್ ಎಂದು ನಿಂತುಬಿಟ್ಟಿತು. ಭಾರ ಹೆಚ್ಚಾಗಿತ್ತು. ಇಲಿ ಫೈಲು ತೆರೆದಳು. ಲೋಟ ಹಿಡಿಯುವ ಮಣಿಕಟ್ಟಿನ ಭಾಗದ ಗೋಡೆ ನಾಲ್ಕು ಮಿಲಿಮೀಟರ್ ದಪ್ಪವಿತ್ತು. ನಾಲ್ಕನ್ನು ಅಳಿಸಿ ಎರಡು ಎಂದು ಒತ್ತಿದಳು. ಅಳತೆ ಬದಲಿಸಿದರೆ ಆ ಭಾಗ ಎಷ್ಟು ಭಾರ ತಡೆಯುತ್ತದೆ ಎಂದು ಸಾಫ್ಟ್‌ವೇರಿನಲ್ಲೇ ಮತ್ತೆ ಪರೀಕ್ಷಿಸಬೇಕು; ಆ ಹಳೇ ಕಂಪ್ಯೂಟರಿನಲ್ಲಿ ಅದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಪ್ಲಾಸ್ಟಿಕ್ ಪ್ರಿಂಟರಿಗಾಗಿ ಇನ್ನೊಂದು ತಂಡದವರು ಬಾಗಿಲಲ್ಲೇ ಕಾಯುತ್ತಿದ್ದರು. ವರದಿಯಲ್ಲಿ ಹಳೆಯ ಪರೀಕ್ಷೆಯ ಚಿತ್ರ ಇದ್ದೇ ಇತ್ತು, ಎಲ್ಲೆಲ್ಲೂ ತಣ್ಣನೆಯ ನೀಲಿ, ಅಂದರೆ ಮುರಿಯುವ ಭಯವಿಲ್ಲ. ಅವಳು ಫೈಲನ್ನು ಹಾಗೇ ಬೋಲ್ಟುವಿಗೆ ಕಳಿಸಿದಳು. ಅಳತೆ ಬದಲಿಸಿದ್ದನ್ನು ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳುವಂಥ ದೊಡ್ಡ ವಿಷಯ ಅನ್ನಿಸಲಿಲ್ಲ, ಅಷ್ಟೇ.

ಹೊಸ ಭಾಗ ಕೂರಿಸಿ ಒಂದೇ ಸಲ ಲೋಟ ಎತ್ತಿ ನೋಡಿದರು, ಕೈ ಸರಾಗವಾಗಿ ಎದ್ದಿತು.

ಶನಿವಾರ ಮಧ್ಯಾಹ್ನ ಬೋಲ್ಟುವಿನ ಅಮ್ಮ ಮೇಜಿನ ಮುಂದೆ ಕೂತು, ಲೋಟದೊಳಗೆ ಇಣುಕಿ ನೋಡಿದಳು. "ನೀರು ಕುಡಿಯೋಕೆ ಇಷ್ಟು ದೂರ ಬಂದ್ನೇನ್ರೋ? ಚಹಾ ಕೊಡ್ರೋ!" ಪಾಠ ಹೇಳುವ ಮೇಡಂ ಕೂಡ ನಕ್ಕರು. ಬೋಲ್ಟು ಫ್ಲಾಸ್ಕಿನಿಂದ ಚಹಾ ಬಗ್ಗಿಸಿದ. ಕೈ ಲೋಟವನ್ನು ಎತ್ತಿತು, ತಿರುಗಿತು, ಅವಳ ಗಲ್ಲದ ಹತ್ತಿರ ಬಂತು. ಅಷ್ಟರಲ್ಲಿ ಟಪ್ಪೆಂದು ಮಣಿಕಟ್ಟು ಮುರಿದು, ಲೋಟ ಅವಳ ಬಲತೊಡೆಯ ಮೇಲೆ ಮಗುಚಿಕೊಂಡಿತು.

ಎಲ್ಲರೂ ಹೌಹಾರಿದರು. ಅವಳು ಮಾತ್ರ ನಗುತ್ತಿದ್ದಳು. "ಅಯ್ಯೋ, ನಿಮ್ಮ ಕೈ ಕೈಕೊಡ್ತಲ್ರೋ!"

ಆ ನಗುವಿಗೆ ಎಲ್ಲರೂ ಮೋಸಹೋದರು. ಟವೆಲಿನಿಂದ ಒತ್ತಿ ಒರೆಸಿ ಮನೆಗೆ ಕಳಿಸಿದರು. ಆ ಕಾಲಿಗೆ ಬಿಸಿ ತಿಳಿಯುವುದಿಲ್ಲ ಎಂಬುದು ಮಗನಿಗೂ ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. ಸಂಜೆ ಬಟ್ಟೆ ಬದಲಿಸುವಾಗ ನೋಡಿದರೆ ಅಂಗೈಯಗಲ ಬೊಬ್ಬೆ ಎದ್ದಿತ್ತು, ಒದ್ದೆ ಬಟ್ಟೆಯ ಜೊತೆ ಚರ್ಮವೂ ಕಿತ್ತುಬಂತು.

ಸೋಮವಾರ ಬೋಲ್ಟು ಬಂದ. ಮುಖ ಹುಳ್ಳಗಾಗಿತ್ತು. ಮೇಡಂ ಕೇಳುವ ಮೊದಲೇ ತಾನಾಗಿ ಒಪ್ಪಿಕೊಂಡ: "ತಪ್ಪು ನಂದೇ ಮೇಡಂ. ಪ್ಲಾಸ್ಟಿಕ್ ಸುರುಳಿ ಮುಗೀತಾ ಬಂದಿತ್ತು. ಪ್ರಿಂಟ್ ಹಾಕುವಾಗ ಒಳಗೆ ಸ್ವಲ್ಪ ಟೊಳ್ಳು ಬಿಟ್ಟಿದ್ದೆ."

"ನಿನ್ನ ಅಮ್ಮನೇ ಕೂರ್ತಾರೆ ಅಂತ ಗೊತ್ತಿದ್ದೂ?" ಅಂದರು ಮೇಡಂ.

 ಇಲಿಗೆ ಶುಕ್ರವಾರ ತಾನು ಬದಲಿಸಿದ ಅಳತೆ ನೆನಪಾಯಿತು. ಎಲ್ಲರೂ ಹೊರಗೆ ಹೋದ ಮೇಲೆ ಅವಳು ಒಬ್ಬಳೇ ಕೂತು, ಟೊಳ್ಳೇ ಇಲ್ಲದ ಗಟ್ಟಿ ಭಾಗವೆಂದು ಇಟ್ಟುಕೊಂಡು, ಎರಡು ಮಿಲಿಮೀಟರಿಗೆ ಪರೀಕ್ಷೆ ಓಡಿಸಿದಳು. ಅರ್ಧ ಗಂಟೆ ಉಗುರು ಕಚ್ಚುತ್ತ ಕಾದಳು. ಪರದೆಯಲ್ಲಿ ಮಣಿಕಟ್ಟಿಗೆ ಬೋಲ್ಟು ಕೂರುವ ರಂಧ್ರದ ಸುತ್ತ ಕೆಂಪು ಉಂಗುರ ಮೂಡಿತು. ಟೊಳ್ಳು ಬಿಡದಿದ್ದರೂ ಅದು ಮುರಿಯುತ್ತಿತ್ತು. ಬೋಲ್ಟುವಿನ ತಪ್ಪು ಅಲ್ಲಿ ಲೆಕ್ಕಕ್ಕೇ ಇರಲಿಲ್ಲ.

ಅವಳು ಆ ಕಿಟಕಿ ಮುಚ್ಚಿದಳು. ಯಾರಿಗೂ ಹೇಳಲಿಲ್ಲ.

ಮಂಗಳವಾರ ಹೇಳೋಣ ಅಂದುಕೊಂಡಳು; ಅವನು ರಜೆ. ಬುಧವಾರ ಅವನು ಎದುರಿಗೇ ಕೂತಿದ್ದ.  "ಡ್ರೆಸ್ಸಿಂಗ್ ಮಾಡುವಾಗ ಅಮ್ಮನಿಗೆ ಏನೂ ತಿಳಿಯಲ್ಲ," ಅಂದ ಅವನು ತಾನಾಗಿಯೇ. "ನಂಗೇ ಕಣ್ಣು ಕತ್ತಲೆ ಬರುತ್ತೆ." ಅವಳು ಕತ್ತು ಬಗ್ಗಿಸಿ ಮೌಸಿನ ವೈರನ್ನು ಬೆರಳಿಗೆ ಸುತ್ತುತ್ತ ಕೂತಳು.

ಗುರುವಾರ ರಾತ್ರಿ ಊಟದ ಮೇಜಿನ ಬಳಿ ಅಪ್ಪ ಕೇಳಿದ, "ಯಾಕೆ ಮಗಳೇ, ನಾಲ್ಕು ದಿನದಿಂದ ತುತ್ತು ಇಳೀತಿಲ್ಲ ನಿಂಗೆ?"

ಅಪ್ಪ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸಗಾರ. ಅವಳು ವಿಷಯವನ್ನು ಬಳಸಿ ಕೇಳಿದಳು: "ಅಪ್ಪಾ, ಡ್ರಾಯಿಂಗಲ್ಲೇ ಅಳತೆ ತಪ್ಪಿದ್ರೆ ಯಾರನ್ನ ಬೈತಾರೆ?"

"ಇನ್ಯಾರನ್ನ? ಕಡೆದವನನ್ನ." ಅಪ್ಪ ನಕ್ಕ, ಆಮೇಲೆ ನಗು ನಿಲ್ಲಿಸಿದ. "ನೀನು ಚಿಕ್ಕೋಳು ಆಗ. ಒಂದು ಶಾಫ್ಟು ಮುರಿದು ಒಬ್ಬನ ಭುಜಕ್ಕೆ ಬಿತ್ತು. ಕಾಗದದಲ್ಲಿ ಇದ್ದ ಹಾಗೇ ಕಡೆದಿದ್ದೆ ನಾನು. ಆಮೇಲೆ ಆ ಕಾಗದ ಹೇಗೋ ಬದಲಾಯ್ತು. ನನ್ನನ್ನ ಮಿಷಿನ್ ಬಿಡಿಸಿ ಎಂಟು ತಿಂಗಳು ಪೆಟ್ಟಿಗೆ ಕಟ್ಟೋಕೆ ಹಾಕಿದ್ರು. ಭುಜ ಮುರಿದವನು ಇವತ್ತಿಗೂ ನನ್ನ ಕಂಡ್ರೆ ದಾರಿ ಬದಲಾಯಿಸ್ತಾನೆ."

"ಬರೆದವರು ಯಾರು?"

"ಯಾರಿಗೆ ಗೊತ್ತು? ಅಲ್ಲೇ ಎಲ್ಲೋ ಕೂತಿದ್ದ. ದಿನಾ ನಂಗೆ ನಮಸ್ಕಾರ ಹೇಳ್ತಿದ್ನೋ ಏನೋ."

ಅಪ್ಪ ಸಹಜವಾಗಿಯೇ ಹೇಳಿ ಕೈ ತೊಳೆಯಲು ಎದ್ದ. 

ಶುಕ್ರವಾರ ಕಾಲೇಜು ಬಿಟ್ಟ ತಕ್ಷಣ ಬೋಲ್ಟುವಿನ ಮನೆಗೆ ಹೋದಳು. ಅವನು ಮಹಡಿಯ ಮೆಟ್ಟಿಲ ಪಕ್ಕದಲ್ಲಿ ಅಮ್ಮನ ಬಟ್ಟೆಗಳನ್ನು ಹಿಂಡಿ ಹರವುತ್ತಿದ್ದ. ಅವಳು ಉಸಿರು ತೆಗೆದುಕೊಳ್ಳದೆ ಎಲ್ಲವನ್ನೂ ಹೇಳಿದಳು: ನಾಲ್ಕನ್ನು ಎರಡು ಮಾಡಿದ್ದು, ಪರೀಕ್ಷೆ ಬಿಟ್ಟಿದ್ದು, ಕೆಂಪು ಉಂಗುರ.

ಅವನು ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದ.

"ಟೊಳ್ಳು ಬಿಟ್ಟಿದ್ದಕ್ಕಲ್ವಾ ಹಾಗಾದ್ರೆ?"

"ಅಲ್ಲ."

"ನಿಂಗೆ ಇದು ಯಾವತ್ತು ಗೊತ್ತಾಯ್ತು?"

"ಸೋಮವಾರ."

"ಇವತ್ತು ಶುಕ್ರವಾರ." ಅವನ ದನಿ ಏರಲಿಲ್ಲ. "ಅಳತೆ ತಪ್ಪೋದು ಯಾರಿಗಾದ್ರೂ ಆಗುತ್ತೆ. ನಾಲ್ಕು ದಿನ, ಇಲಿ. ಆ ನಾಲ್ಕು ದಿನವೂ ನಾನು ಅಮ್ಮನ ಮುಖ ನೋಡಿ ಮಾತಾಡಿಲ್ಲ. ನೀನು ಎದುರಿಗೇ ಕೂತು ನೋಡ್ತಿದ್ದೆ."

ಅವಳಿಗೆ ಅಳು ಬಂತು. ಅವನು ಸಮಾಧಾನ ಮಾಡಲಿಲ್ಲ. ಬಕೆಟ್ಟು ಎತ್ತಿಕೊಂಡು ಒಳಗೆ ಹೋದ.

ಮರುದಿನ ಮೇಡಂ ಮುಂದೆ ನಿಂತಳು. ಮೇಡಂ ಚೆನ್ನಾಗಿಯೇ ಬೈದರು, ಆಮೇಲೆ ವರದಿ ತೆಗೆದು ತಮ್ಮದೇ ಸಹಿಯನ್ನು ದಿಟ್ಟಿಸಿದರು. "ಹಳೇ ಚಿತ್ರ ನೋಡಿ ಇದಕ್ಕೆ ಸಹಿ ಹಾಕಿದ್ದು ನಾನು. ಬಿಸಿ ಚಹಾ ಬೇಡ ಅನ್ನದೆ ನಗ್ತಾ ನಿಂತಿದ್ದೂ ನಾನೇ. ಅವರ ಮನೆಗೆ ನಾನೂ ಹೋಗ್ಬೇಕು." ಇಡೀ ತರಗತಿಯ ಮುಂದೆ ನಡೆದದ್ದನ್ನು ಇಲಿಯೇ ಹೇಳಬೇಕೆಂದರು. ಅವಳು ಹೇಳಿದಳು. ಒಬ್ಬರೂ ನಗಲಿಲ್ಲ, ನಕ್ಕಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಇಬ್ಬರೂ ಮಣಿಕಟ್ಟನ್ನು ಮತ್ತೆ ಮಾಡಿದರು, ಮೋಟಾರನ್ನೂ ಬದಲಿಸಿದರು. ಬೋಲ್ಟು ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದ: "ಎಷ್ಟು ದಪ್ಪ?" "ಐದು." "ತೋರಿಸು." ಮರಳಿನ ಚೀಲ ಕಟ್ಟಿ ಮುನ್ನೂರು ಸಲ ಎತ್ತಿ ಇಳಿಸಿದರು. ಪ್ರಾಜೆಕ್ಟ್ ಪರೀಕ್ಷೆಯಲ್ಲಿ ಪಾಸಾದರು. ಬೋಲ್ಟು ಆ ಕೈಯನ್ನು ಮನೆಗೆ ಒಯ್ದ.

ಹದಿನೈದು ದಿನವಾದ ಮೇಲೆ ಇಲಿ ಅಲ್ಲಿಗೆ ಹೋದಾಗ, ಅದು ಹೊಲಿಗೆ ಯಂತ್ರದ ಪಕ್ಕ ಬಟ್ಟೆ ಹೊದ್ದು ನಿಂತಿತ್ತು. ಬೋಲ್ಟುವಿನ ಅಮ್ಮ ಎಡಗೈಯಲ್ಲೇ ಲೋಟ ಹಿಡಿದು ಕುಡಿಯುತ್ತಿದ್ದಳು. ಮಡಿಲಲ್ಲಿ ಟವೆಲು.

"ಅದರಲ್ಲಿ ಕುಡಿಯಲ್ವಾ ಆಂಟಿ?"

"ಕೋಪ ಏನಿಲ್ಲ ಕಣೆ ನಂಗೆ. ನಿನ್ನ ತಪ್ಪು ತಿಳಿದ ದಿನವೇ ಹೊಟ್ಟೆಗೆ ಹಾಕ್ಕೊಂಡೆ," ಅಂದಳು ಅವಳು. "ಆದ್ರೆ ಅದು ಹತ್ತಿರ ಬಂದ್ರೆ ಎದೆ ಡವಡವ ಅನ್ನುತ್ತೆ. ತೊಡೆಗೆ ಗೊತ್ತಾಗ್ದೇ ಇದ್ದದ್ದು ಎದೆಗೆ ಗೊತ್ತಾಗಿಬಿಟ್ಟಿದೆ ನೋಡು."

"ಅವನಿಗೆ ಇನ್ನೂ ಕೋಪಾನಾ?"

"ಅವನ ವಿಷಯ ನನ್ನ ಕೇಳ್ಬೇಡ."

ಒಳಕೋಣೆಯಿಂದ ಬೋಲ್ಟು ಬಂದ. ಅಮ್ಮನ ಮಡಿಲಿನ ಒದ್ದೆ ಟವೆಲು ತೆಗೆದು ಒಣಗಿದ್ದನ್ನು ಹಾಸಿದ. ಇಲಿಯ ಕಡೆ ನೋಡದೆಯೇ ಹೇಳಿದ, "ಲೋಟ ಹಿಡಿದ್ರೆ ತಾನೇ ಭಯ? ಬರೀ ಅಮ್ಮನ ಮೊಣಕೈಗೆ ಆಸರೆ ಕೊಡೋ ಥರ ಏನಾದ್ರೂ ಮಾಡ್ಬೇಕು. ಈ ಸಲ ನಾನೇ ಬಿಡಿಸ್ತೀನಿ, ನಿಧಾನ ಆದ್ರೂ ಪರವಾಗಿಲ್ಲ. ನೀನು ನೋಡು. ತಪ್ಪು ಕಂಡ್ರೆ ಹೇಳು. ಕಂಡ ದಿನವೇ ಹೇಳು."

ಇಲಿ ಹೂಂ ಅಂದಳು. ಅವಳು ಹೊರಟಾಗ ಅವನ ಅಮ್ಮ ಕೋಲೂರಿಕೊಂಡು ಬಾಗಿಲವರೆಗೆ ಬಂದಳು. ಅವನು ಬರಲಿಲ್ಲ.