ವಾಯಿದೆ ಸಾಹೇಬನ ಪ್ಯಾಂಟು

"ಏಯ್ ಮುದುಕಿ, ಸೂಜಿ ಗೀಜಿ ಚುಚ್ಚಿದ್ಯೋ, ಬೂಟಲ್ಲೇ ಒದೀತೀನಿ ನೋಡು!"

ಮುದುಕಿ ನೆಲದ ಮೇಲೆ ಮಂಡಿಯೂರಿ, ಸಾಹೇಬನ ಪ್ಯಾಂಟಿನ ಅಂಚು ಮಡಿಸಿ ಕಚ್ಚಾ ಹೊಲಿಗೆ ಹಾಕುತ್ತಿದ್ದಳು. ಮೆಷಿನ್ನಿಗೆ ಕೊಡುವ ಮುಂಚೆ ಬಟ್ಟೆ ಮೈಗೆ ಹೊಂದುತ್ತದೋ ಇಲ್ಲವೋ ನೋಡಲು ಕೈಯಲ್ಲಿ ಹಾಕುವ, ಎಳೆದರೆ ಬಿಚ್ಚಿಕೊಳ್ಳುವ ಉದ್ದುದ್ದ ಹೊಲಿಗೆ ಅದು. ದರ್ಜಿ ಅಂಗಡಿಯ ಮಾಲೀಕ ಕೊರಳಿಗೆ ಟೇಪು ನೇತುಹಾಕಿಕೊಂಡು, ಸಾಹೇಬನ ಮುಂದೆ ಹಲ್ಲು ಗಿಂಜುತ್ತ ನಿಂತಿದ್ದ.

ಸಾಹೇಬ ಸಾಮಾನ್ಯದವನಲ್ಲ. ಯುದ್ಧದಿಂದ ಜೀವ ಉಳಿಸಿಕೊಂಡು ಗಡಿ ದಾಟಿ ಬಂದವರಿಗೆ ಇಷ್ಟು ತಿಂಗಳು ಇರಿ ಅಂತ ವಾಯಿದೆ ಕೊಡುವವನು ಅವನೇ. ಮನಸ್ಸು ಬಂದರೆ ವಾಯಿದೆ ಮುಂದುವರಿಸುತ್ತಿದ್ದ, ಬರದಿದ್ದರೆ ಲಾರಿ ಹತ್ತಿಸಿ ವಾಪಸ್ಸು ಕಳಿಸುತ್ತಿದ್ದ. ನಿರಾಶ್ರಿತರ ಶಿಬಿರದವರು ಅವನಿಗೆ ವಾಯಿದೆ ಸಾಹೇಬ ಅಂತಲೇ ಹೆಸರಿಟ್ಟಿದ್ದರು. ಅರ್ಧ ಶಿಬಿರ ಖಾಲಿ ಮಾಡಿಸಿದ್ದಕ್ಕೆ ನಾಳೆ ಅವನಿಗೆ ಪದಕ. ಆ ಪದಕ ಚುಚ್ಚಿಸಿಕೊಳ್ಳಲು ಈ ಹೊಸ ಯೂನಿಫಾರಂ.

ನಾಳೆ ವಾಪಸ್ಸು ಹೋಗುವ ಲಾರಿಯ ಪಟ್ಟಿಯಲ್ಲಿ ಮುದುಕಿಯ ಸೊಸೆಯೂ ಇದ್ದಳು. ತುಂಬಿದ ಬಸುರಿ.

"ಸಾಹೇಬ್ರೆ, ಹುಡುಗಿಗೆ ದಿನ ತುಂಬಿದೆ. ಹೆರಿಗೆ ಆಗೋವರೆಗಾದ್ರೂ ಇರೋಕೆ ಬಿಡಿ. ನಿಮ್ಮ ಕಾಲು ಹಿಡ್ಕೋತೀನಿ."

"ಹಿಡ್ಕೊಂಡೇ ಇದೀಯಲ್ಲ!" ಅಂದ ಸಾಹೇಬ. ಮಾಲೀಕ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಾನೇನು ಮಾಡ್ಲಿ? ಊರಲ್ಲಿ ನಿಮ್ಮನೆ ಇದೆಯೇನೇ ಅಂತ ನಿನ್ನ ಸೊಸೇನ ಕೇಳ್ದೆ. ಇದೆ, ಚೆನ್ನಾಗಿದೆ ಅಂದ್ಲು. ಚೆನ್ನಾಗಿರೋ ಮನೆ ಬಿಟ್ಟು ಇಲ್ಲಿ ಯಾಕೆ ಬಿದ್ದಿರ್ಬೇಕು? ಮೊದ್ಲು ಜಾಗ ಖಾಲಿ ಮಾಡ್ಲಿ."

ಅಯ್ಯೋ, ಆ ಮಾತು ಹೇಳಿಕೊಟ್ಟವಳು ಅತ್ತೆಯೇ. ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ಮನೆ ಬಿತ್ತು, ಗಂಡ ಹೋದ ಅಂತೆಲ್ಲ ಬಾಯಲ್ಲಿ ಆಡಬಾರದು ಕಣೇ, ಯಾರು ಕೇಳಿದರೂ ಎಲ್ಲ ಚೆನ್ನಾಗಿದೆ ಅನ್ನು ಅಂತ ಸೊಸೆಗೆ ದಿನಾ ಹೇಳುತ್ತಿದ್ದಳು. ಹುಡುಗಿ ಸಾಹೇಬನ ಮೇಜಿನ ಮುಂದೆಯೂ ಹಾಗೇ ಅಂದುಬಿಟ್ಟಿತ್ತು.

"ಅದು ಬಸುರಿ ಬಾಯಲ್ಲಿ ಅಶುಭ ಬರಬಾರ್ದು ಅಂತ ಅಂದಿದ್ದು ಸಾಹೇಬ್ರೆ. ಮನೆ ಎಲ್ಲಿಂದ ಬರ್ಬೇಕು? ಬಾಂಬು ಬಿದ್ದು ನೆಲಸಮ ಆಯ್ತು. ನನ್ನ ಮಗನ್ನ ಆ ಕಲ್ಲಡಿಯಿಂದ ಎತ್ತೋಕೂ ಆಗ್ಲಿಲ್ಲ."

"ಮೊನ್ನೆ ಚೆನ್ನಾಗಿತ್ತು, ಇವತ್ತು ಬಿದ್ದೋಯ್ತಾ? ನಾಟಕದ ಮುಂಡೇವು!" ಸಾಹೇಬ ಬೂಟಿನ ತುದಿಯಿಂದ ಅವಳ ಗದ್ದ ಎತ್ತಿದ. "ನಿನ್ನ ವಾಯಿದೆ ಇನ್ನೂ ಇದೆಯಲ್ಲ, ಬಾಯಿ ಮುಚ್ಕೊಂಡು ಹೊಲಿ. ಅವಳು ಇಲ್ಲಿ ಹೆತ್ರೆ ಇನ್ನೊಂದು ತಲೆ ನನ್ನ ತಲೆ ಮೇಲೆ. ಅಲ್ಲೇ ಹೋಗಿ ಈಯಲಿ."

ಈಯಲಿ ಅಂದ. ದನ ಈಯುತ್ತದೆ, ನಾಯಿ ಈಯುತ್ತದೆ. ಅವಳ ಮೈಯೆಲ್ಲ ಉರಿದುಹೋಯಿತು. ತಲೆ ತಗ್ಗಿಸಿ ಅಂಚಿನ ಹೊಲಿಗೆ ಮುಗಿಸಿದಳು.

ಸಾಹೇಬ ಹೋದ ಮೇಲೆ ಮಾಲೀಕ ಅಂಗಿ ಪ್ಯಾಂಟು ಎರಡನ್ನೂ ಅವಳ ಮಡಿಲಿಗೆ ಎಸೆದ. "ಸಂಜೆಯೊಳಗೆ ಮೆಷಿನ್ ಹೊಲಿಗೆ ಹಾಕಿ ಇಸ್ತ್ರಿ ಆಗಿರ್ಬೇಕು. ನಿನ್ನ ಸೊಸೆ ಅಂತ ಇನ್ನೊಂದ್ಸಲ ಸಾಹೇಬ್ರ ಮುಂದೆ ಗೋಳಾಡಿದ್ರೆ ನಿನ್ನೂ ಅದೇ ಲಾರಿಗೆ ತುಂಬಿಸ್ತೀನಿ, ಗೊತ್ತಾಯ್ತಾ?"

"ಗೊತ್ತಾಯ್ತು ಧಣಿ."

ಮಾಲೀಕ ಊಟಕ್ಕೆ ಹೋದ. ಅವಳು ಮೆಷಿನ್ ಮುಟ್ಟಲಿಲ್ಲ. ಕಚ್ಚಾ ಹೊಲಿಗೆಯ ಬಿಳಿ ದಾರ ಎಳೆದು ಬಿಸಾಕಿ, ಬಟ್ಟೆಯದೇ ಬಣ್ಣದ ದಾರ ತೆಗೆದುಕೊಂಡು ಮತ್ತೆ ಕಚ್ಚಾ ಹೊಲಿಗೆಯನ್ನೇ ಹಾಕಿದಳು. ಅಂಗಿಯ ತೋಳಿಗೆ, ಬೆನ್ನಿಗೆ, ಪ್ಯಾಂಟಿನ ಹಿಂಭಾಗಕ್ಕೆ, ಎರಡೂ ಪಕ್ಕಕ್ಕೆ. ಒಂದೊಂದು ಹೊಲಿಗೆಗೂ ಒಂದೊಂದು ಬೈಗುಳ. ನನ್ನ ಹುಡುಗಿ ಈಯಬೇಕಾ, ಬೋಳಿಮಗನೆ? ನಿನ್ನ ಮಾನ ನಾಳೆ ಬೀದಿಗೆ ಬರಲಿ. ಗಂಜಿ ಹಾಕಿ ಮೇಲೆ ಇಸ್ತ್ರಿ ಎಳೆದಳು. ಸಂಜೆ ಮಾಲೀಕ ಬಟ್ಟೆ ಎತ್ತಿ ಬೆಳಕಿಗೆ ಹಿಡಿದು, "ಭೇಷ್, ಗೆರೆ ನೋಡು ಹೆಂಗೆ ಕೂತಿದೆ" ಅಂದ. ಎಷ್ಟೋ ದಿನದ ಮೇಲೆ ಅವಳಿಗೆ ಅವತ್ತು ಚೆನ್ನಾಗಿ ಹಸಿವಾಯಿತು.

ಬೆಳಿಗ್ಗೆ ಬಯಲಿನಲ್ಲಿ ಸಮಾರಂಭ. ಚಪ್ಪಾಳೆ ತಟ್ಟಲು ಶಿಬಿರದವರನ್ನೆಲ್ಲ ತಂದು ನಿಲ್ಲಿಸಿದ್ದರು. ಬಯಲಿನ ಅಂಚಿಗೆ ಲಾರಿ. ಸೊಸೆಯನ್ನು ಆಗಲೇ ಹತ್ತಿಸಿದ್ದರು, ಹುಡುಗಿ ಸೊಂಟ ಹಿಡಿದುಕೊಂಡು ಮೂಲೆಯಲ್ಲಿ ಕೂತಿತ್ತು.

ವಾಯಿದೆ ಸಾಹೇಬ ಎದೆಯುಬ್ಬಿಸಿ ವೇದಿಕೆ ಹತ್ತಿದ. ದೊಡ್ಡ ಅಧಿಕಾರಿ ಪದಕ ಚುಚ್ಚಿದ. ಸಾಹೇಬ ಟಪ್ಪನೆ ಸೆಲ್ಯೂಟು ಹೊಡೆದ. ಭುಜದ ಹತ್ತಿರ ಅಂಗಿಯ ತೋಳು ಕಳಚಿಕೊಂಡು ಮೊಣಕೈಗೆ ಜಾರಿತು. ಗಾಬರಿಯಾಗಿ ಬಗ್ಗಿದ. ಸೊಂಟದಿಂದ ತೊಡೆಯವರೆಗೆ ಪ್ಯಾಂಟು ಹಿಂದುಗಡೆ ಬಾಯಿ ಬಿಟ್ಟಿತು, ಪಕ್ಕದ ಹೊಲಿಗೆಗಳೂ ಒಂದರ ಹಿಂದೆ ಒಂದು ಬಿಚ್ಚಿಕೊಂಡವು. ಪ್ಯಾಂಟು ಉದುರಿ ಬೀಳದ ಹಾಗೆ ಒಂದು ಕೈ ಹಿಂದೆ, ಒಂದು ಕೈ ಮುಂದೆ ಹಿಡಿದು ನಿಂತ. ದೊಡ್ಡ ಅಧಿಕಾರಿ ಮುಖ ತಿರುಗಿಸಿ ಕಾರು ಹತ್ತಿಬಿಟ್ಟ.

ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು. ಆಮೇಲೆ ಬಯಲಿಗೆ ಬಯಲೇ ನಕ್ಕಿತು. ಮನೆಮಠ ಕಳಕೊಂಡವರು, ಮಕ್ಕಳನ್ನು ಮಣ್ಣು ಮಾಡಿ ಬಂದವರು, ಬಿದ್ದು ಬಿದ್ದು ನಕ್ಕರು. ಕಾವಲಿನವರು ಟೋಪಿ ಅಡ್ಡ ಹಿಡಿದುಕೊಂಡು ನಗುತ್ತಿದ್ದರು.

"ಯಾವಳೋ ಹೊಲಿದವಳು? ಎಳ್ಕೊಂಡ್ ಬರ್ರೋ!" ಸಾಹೇಬ ಕಿರುಚಿದ. "ಡ್ರೈವರ್, ಲಾರಿ ಹೊರಡಿಸು!"

ಡ್ರೈವರ್ ಕಾಗದ, ಪೆನ್ನು ಹಿಡಿದು ಓಡಿಬಂದ. "ನಿಮ್ಮ ಸಹಿ ಬೇಕು ಸಾಹೇಬ್ರೆ. ಸಹಿ ಇಲ್ದೆ ಗಡೀಲಿ ಬಿಡಲ್ಲ."

ಸಾಹೇಬ ಕಾಗದ ನೋಡಿದ, ತನ್ನೆರಡು ಕೈ ನೋಡಿಕೊಂಡ. "ಯಾರಾದ್ರೂ ಬಂದು ಹಿಡ್ಕೊಳ್ರೋ!" ಅಂದ. ಮಾಲೀಕ ಆಗಲೇ ನಾಪತ್ತೆ. ಕಾವಲಿನವರು ಒಬ್ಬರ ಮುಖ ಒಬ್ಬರು ನೋಡಿದರೇ ಹೊರತು ಹತ್ತಿರ ಬರಲಿಲ್ಲ.

ಮುದುಕಿ ಗುಂಪಿನಿಂದ ಹೊರಗೆ ಬಂದು ಮೆಟ್ಟಿಲು ಹತ್ತಿದಳು. ಲಾರಿಯೊಳಗಿಂದ ಸೊಸೆ, "ಅತ್ತೆ, ಬೇಡ ಅತ್ತೆ!" ಅಂತ ಕೂಗಿದಳು. ಅತ್ತೆ ಡ್ರೈವರನ ಕೈಯಿಂದ ಪೆನ್ನು ಕಿತ್ತುಕೊಂಡು ಸಾಹೇಬನ ಮೂಗಿನ ಮುಂದೆ ಹಿಡಿದಳು.

"ನಾನೇ ಹೊಲ್ದಿದ್ದು. ತಗೊಳ್ಳಿ, ಸಹಿ ಹಾಕಿ. ಬಿಡಿ ಕೈ."

ನಗು ನಿಂತುಹೋಯಿತು. ಅಷ್ಟೂ ಜನ ಸಾಹೇಬನ ಕೈಯನ್ನೇ ನೋಡುತ್ತ ನಿಂತರು.