ಬಿಸಿಲಿಗೆ ಬಾಗಿದ ರೆಕಾರ್ಡು

ಟೆಲಿಫೋನಿನಲ್ಲಿ ಮಾತಿನ ಜೊತೆ ಸೇರಿಕೊಂಡು ಬರುವ ಗೊರಗೊರ ಸದ್ದನ್ನು ತೆಗೆಯುವುದು ಶ್ಯಾಮಸುಂದರನ ಕೆಲಸವಾಗಿತ್ತು. ಪ್ಲೇನೋ ಎಂಬ ಊರಿನ ಒಂದು ಕಂಪನಿಯಲ್ಲಿ ಹದಿನಾಲ್ಕು ವರ್ಷ ಅದನ್ನೇ ಮಾಡಿದ. ೨೦೦೧ರ ಅಕ್ಟೋಬರಿನ ಒಂದು ಮಂಗಳವಾರ ಅವನಿದ್ದ ಇಡೀ ವಿಭಾಗವನ್ನೇ ಮುಚ್ಚಿದರು. ಆಗ ಅವನಿಗೆ ಐವತ್ತೆರಡು.

ಆಮೇಲೂ ಪಕ್ಕದ ಅಲೆನ್ ಊರಿನ ತನ್ನ ಮನೆಯಲ್ಲಿ ಬೆಳಗ್ಗೆ ಎಂಟಕ್ಕೆ ಸ್ನಾನ ಮುಗಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಅರ್ಜಿ ಕಳಿಸುತ್ತಿದ್ದ. ಉತ್ತರ ಬರುತ್ತಿರಲಿಲ್ಲ. ಹೆಂಡತಿ ಕೃಷ್ಣವೇಣಿ ಆಸ್ಪತ್ರೆಯ ಫಾರ್ಮಸಿಯಲ್ಲಿ ಹೆಚ್ಚಿನ ಶಿಫ್ಟು ಹಿಡಿದಳು. ಮಗಳು ಇಂಚರಾ ಆಸ್ಟಿನ್‌ನಲ್ಲಿ ಎರಡನೇ ವರ್ಷ ಓದುತ್ತಿದ್ದಳು. ಮಧ್ಯಾಹ್ನದ ಹೊತ್ತು ಮನೆಯಲ್ಲಿ ಏಸಿ ತಿರುಗುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಸುಮ್ಮನೆ ಕೂರಲಾರದೆ ಅವನು ಕನ್ನಡ ಸಂಘದ ಪರಿಚಯದವರ ಹಳೆಯ ಕ್ಯಾಸೆಟ್ಟುಗಳನ್ನು ಸೀಡಿಗೆ ಇಳಿಸಿಕೊಡತೊಡಗಿದ. ಯಾರದೋ ಮದುವೆಯ ಮಂತ್ರ, ತೀರಿಹೋದ ತಂದೆ ಹಾಡಿದ ದೇವರನಾಮ, ಮಗುವಿನ ತೊದಲು. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ, ಸೊರಸೊರ ಚಟಪಟ ಎನ್ನುವುದನ್ನೆಲ್ಲ ಕಿತ್ತುಹಾಕಿ ಕೊಡುತ್ತಿದ್ದ. ಹದಿನಾಲ್ಕು ವರ್ಷ ಕಲಿತ ವಿದ್ಯೆ ಕೈಬಿಟ್ಟಿಲ್ಲ ಎಂಬುದಷ್ಟೇ ಸಮಾಧಾನ.

ಮೇ ತಿಂಗಳಲ್ಲಿ ಹ್ಯೂಸ್ಟನ್ನಿನಿಂದ ಡಾಕ್ಟರ್ ತಿಮ್ಮಯ್ಯ ಫೋನ್ ಮಾಡಿದರು. ಸಂಘದ ಸಮ್ಮೇಳನದಲ್ಲಿ ಎರಡು ಸಲ ಸಿಕ್ಕಿದ್ದವರು.

"ಶ್ಯಾಮ್, ನನ್ನ ಪೇಷಂಟ್ ಒಬ್ರು ಇದಾರೆ. ಇಂಗ್ಲೆಂಡಿನವರು, ಎಂಬತ್ತೊಂದು ವಯಸ್ಸು. ಕೈ ನಡುಗುತ್ತೆ, ರೆಕಾರ್ಡ್ ಮೇಲೆ ಮುಳ್ಳು ಇಡೋಕ್ಕಾಗಲ್ಲ. ಸೀಡಿ ಆದ್ರೆ ಗುಂಡಿ ಒತ್ತಿದ್ರಾಯ್ತು. ಸ್ವಲ್ಪ ಮಾಡಿಕೊಡ್ತೀರಾ?"

ಅವರ ಹೆಸರು ಮಾರ್ಗರೆಟ್. ಗಂಡ ಲೆನರ್ಡ್ ಲಂಡನ್ನಿನ ಆರ್ಕೆಸ್ಟ್ರಾದಲ್ಲಿ ಓಬೋ ಊದುತ್ತಿದ್ದವನು. ಓಬೋ ಎಂದರೆ ನಮ್ಮ ಶಹನಾಯಿಯ ದೂರದ ನೆಂಟ. ಅರವತ್ತರ ದಶಕದಲ್ಲಿ ಹ್ಯೂಸ್ಟನ್ನಿಗೆ ಬಂದು ಕಾಲೇಜಿನಲ್ಲಿ ಪಾಠ ಹೇಳಿ, ಇಲ್ಲೇ ತೀರಿಕೊಂಡ. ಅವನು ಊದಿದ್ದ ಹನ್ನೊಂದು ಎಲ್ಪಿ ರೆಕಾರ್ಡುಗಳು ಉಳಿದಿದ್ದವು. ಶ್ಯಾಮಸುಂದರ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಹೋದಾಗ ಮಾರ್ಗರೆಟ್ ಅವನ್ನು ಒಂದೊಂದಾಗಿ ಎಣಿಸಿ ಪೆಟ್ಟಿಗೆಗೆ ಹಾಕಿದರು. ಚಹಾದ ಕಪ್ಪು ತಟ್ಟೆಯ ಮೇಲೆ ಕಟಕಟ ಎನ್ನುವಷ್ಟು ಅವರ ಕೈ ನಡುಗುತ್ತಿತ್ತು.

"ಇವು ಮತ್ತೆಲ್ಲೂ ಸಿಗುವುದಿಲ್ಲ," ಎಂದರು. "ಆ ಕಂಪನಿಯೇ ಈಗ ಇಲ್ಲ. ಜೋಪಾನವಾಗಿ ನೋಡಿಕೊಳ್ಳಿ."

"ಚಿಂತೆ ಮಾಡಬೇಡಿ," ಎಂದು ಶ್ಯಾಮಸುಂದರ ಹೇಳಿದ.

ಹನ್ನೊಂದೂ ಒಂದೇ ಬಗೆಯ ಸಂಗೀತ. ನೂರು ವರ್ಷದ ಹಿಂದೆ ಇಂಗ್ಲೆಂಡಿನ ಕೆಲವು ಸಂಗೀತಗಾರರು ಸೈಕಲ್ಲು ಹತ್ತಿ ಹಳ್ಳಿ ಹಳ್ಳಿ ತಿರುಗಿದ್ದರಂತೆ. ಕೂಲಿಯವರು, ಕುರುಬರು, ಮುದುಕಿಯರು ಹಾಡುತ್ತಿದ್ದ ಹಾಡುಗಳನ್ನು ಬರೆದುಕೊಂಡು, ಆಮೇಲೆ ಅವೇ ಧಾಟಿಗಳನ್ನು ಎಳೆದು ಬೆಳೆಸಿ ದೊಡ್ಡ ವಾದ್ಯವೃಂದಕ್ಕೆ ಹೊಂದಿಸಿದ್ದರಂತೆ. ರೆಕಾರ್ಡಿನ ಹಿಂಬದಿಯಲ್ಲಿ ಇದೆಲ್ಲ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು.

ಮೊದಲ ವಾರ ಅವನಿಗೆ ಅದು ಸಂಗೀತವಾಗಿ ಕೇಳಿಸಲಿಲ್ಲ. ಪರದೆಯ ಮೇಲೆ ಏರಿಳಿಯುವ ಹಸಿರು ಗೆರೆ, ನಡುನಡುವೆ ಮುಳ್ಳಿನಂತೆ ಎದ್ದ ಚಟಪಟ, ಅಷ್ಟೇ. ಒಂದೊಂದೇ ಮುಳ್ಳನ್ನು ಹಿಡಿದು ಕೀಳುತ್ತಿದ್ದ. ಆದರೆ ಏಳನೇ ರೆಕಾರ್ಡಿನ ಎರಡನೇ ಬದಿಯಲ್ಲಿ ಒಂದು ನಿಧಾನದ ಧಾಟಿ ಬಂತು. ಪಿಟೀಲುಗಳೆಲ್ಲ ಕೆಳಸ್ವರದಲ್ಲಿ ನಿಂತುಬಿಡುತ್ತವೆ, ಆಮೇಲೆ ಓಬೋ ಒಂಟಿಯಾಗಿ ಹಾಡನ್ನು ಎತ್ತಿಕೊಳ್ಳುತ್ತದೆ. ಅವಸರವಿಲ್ಲ, ಅಳುವೂ ಅಲ್ಲ. ದಿನವಿಡೀ ದುಡಿದವನೊಬ್ಬ ಮನೆಗೆ ನಡೆಯುತ್ತ ತನ್ನಷ್ಟಕ್ಕೆ ಗುನುಗಿದ ಹಾಗೆ.

ಆ ಸಂಜೆ ಕೃಷ್ಣವೇಣಿ ಶಿಫ್ಟು ಮುಗಿಸಿ ಬಂದವಳು ಬೂಟು ಬಿಚ್ಚದೆ ಸೋಫಾದ ಮೇಲೆ ಕೂತಳು.

"ಇದೇನ ಹಚ್ಚೀರಿ?"

"ಆ ಮುದುಕೀದು. ಜೋರ ಆತೇನು?"

"ಇಲ್ಲ, ಇರಲಿ. ನಮ್ಮ ಕಡೆ ಬೀಸೋವಾಗ ಹಾಡ್ತಿದ್ರಲ್ಲ, ಹಂಗ ಅದ. ಯಾರ ಹಾಡ ಇದು?"

ಅವನು ರೆಕಾರ್ಡಿನ ಹಿಂಬದಿ ಓದಿ ಹೇಳಿದ. ಹೊಲದಂಚಿನ ಬೇಲಿಗಿಡ ಕತ್ತರಿಸುವ ಎಪ್ಪತ್ತು ವರ್ಷದ ಕೂಲಿಯೊಬ್ಬ ಹಾಡಿದ್ದು, ಹೆಸರು ತಿಳಿದಿಲ್ಲ.

"ಹಾಡು ಬರಕೊಂಡ್ರು, ಹೆಸರು ಬರಕೊಳ್ಳಲಿಕ್ಕೆ ಏನಾಗಿತ್ತು ಅವರಿಗೆ?" ಎಂದಳು ಕೃಷ್ಣವೇಣಿ. ಸ್ವಲ್ಪ ಹೊತ್ತಿನ ಮೇಲೆ, "ಇನ್ನೊಮ್ಮೆ ಹಚ್ಚ್ರಿ," ಎಂದಳು.

ಆ ಧಾಟಿಯ ಮೇಲೆ ಅವನು ಉಳಿದವುಗಳಿಗಿಂತ ಹೆಚ್ಚು ದುಡಿದ. ಓಬೋ ಶುರುವಾಗುವ ತುಸು ಮುಂಚೆ, ಪಿಟೀಲುಗಳು ತಗ್ಗಿರುವಾಗ, ಏನೋ ಒಂದು ಸುಂಯ್ ಎಂಬ ಸದ್ದು ಇತ್ತು. ಮೊಂಡು ಸದ್ದು. ನಲವತ್ತು ನಿಮಿಷ ಕೂತು, ಪಿಟೀಲಿಗೆ ಏಟಾಗದ ಹಾಗೆ ಅದನ್ನು ನಯವಾಗಿ ಒರೆಸಿದ. ಆ ತಿಂಗಳಲ್ಲಿ ತಾನು ಮಾಡಿದ ಅತ್ಯುತ್ತಮ ಕೆಲಸ ಅದೆಂದು ಅವನಿಗೆ ಅನ್ನಿಸಿತ್ತು. ಹನ್ನೊಂದು ಸೀಡಿಗಳೂ ಮುಗಿದ ಮೇಲೆ, ಕಂಪ್ಯೂಟರಿನಲ್ಲಿ ಜಾಗವಿಲ್ಲದೆ, ತಿದ್ದುವ ಮೊದಲಿನ ಮೂಲ ಪ್ರತಿಗಳನ್ನೆಲ್ಲ ಅಳಿಸಿದ.

ಆಗಸ್ಟಿನಲ್ಲಿ ಆಸ್ಟಿನ್ನಿನ ಚಿಪ್ ಕಂಪನಿಯೊಂದರಿಂದ ಇಂಟರ್‌ವ್ಯೂಗೆ ಕರೆ ಬಂತು. ಹತ್ತು ತಿಂಗಳಲ್ಲಿ ಎರಡನೆಯದು. ಇಂಟರ್‌ವ್ಯೂ ಮುಗಿಸಿ ಇಂಚರಾಳನ್ನು ಕಂಡು, ಅಲ್ಲಿಂದಲೇ ಹ್ಯೂಸ್ಟನ್ನಿಗೆ ಹೋಗಿ ರೆಕಾರ್ಡು, ಸೀಡಿ ಎರಡನ್ನೂ ಕೊಟ್ಟು ಬರೋಣವೆಂದು ಪೆಟ್ಟಿಗೆಯನ್ನು ಕಾರಿನ ಡಿಕ್ಕಿಯಲ್ಲಿಟ್ಟ.

ಆಸ್ಟಿನ್ನಿನ ಪಕ್ಕದ ಸೀಡರ್ ಪಾರ್ಕ್ ಊರಿನಲ್ಲಿದ್ದ ಆ ಕಂಪನಿಯ ಕಟ್ಟಡದಲ್ಲಿ ನಾಲ್ವರು ಸರದಿಯ ಮೇಲೆ ಬಂದು ಅವನನ್ನು ಪ್ರಶ್ನಿಸಿದರು. ಎಲ್ಲದಕ್ಕೂ ಚೆನ್ನಾಗಿಯೇ ಉತ್ತರ ಹೇಳಿದ. ಕೊನೆಗೆ ಮಗಳಿಗಿಂತ ನಾಲ್ಕಾರು ವರ್ಷ ದೊಡ್ಡವನಿರಬಹುದಾದ ಒಬ್ಬ ಮ್ಯಾನೇಜರ್ ಬಂದು, ಆ ಹುದ್ದೆಯನ್ನು ಬೆಳಗ್ಗೆಯಷ್ಟೇ ತಡೆಹಿಡಿದಿದ್ದಾರೆಂದು ತಿಳಿಸಿ ಕ್ಷಮೆ ಕೇಳಿದ. ಶ್ಯಾಮಸುಂದರ ಅವನ ಕೈ ಕುಲುಕಿ ಹೊರಬಂದ. ನೂರನಾಲ್ಕು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಪಾರ್ಕಿಂಗ್ ಲಾಟಿನಲ್ಲಿ ಒಂದು ಗಿಡವಿಲ್ಲ. ಇಂಚರಾಳ ಅಪಾರ್ಟ್‌ಮೆಂಟಿಗೆ ಹೋಗಿ ಅವಳು ಕೊಟ್ಟ ಮೊಸರನ್ನ ತಿಂದು ಮಲಗಿದ. ಮರುದಿನ ಅವಳನ್ನು ಅಂಗಡಿಗೆ ಕರೆದುಕೊಂಡು ಹೋದ, ಅವಳ ಮುರಿದ ಕಿಟಕಿಪರದೆ ಸರಿಮಾಡಿದ. ಡಿಕ್ಕಿಯಲ್ಲಿದ್ದ ಪೆಟ್ಟಿಗೆಯ ನೆನಪೇ ಆಗಲಿಲ್ಲ. ಮೂರನೆಯ ದಿನ ಹ್ಯೂಸ್ಟನ್ನಿನ ದಾರಿ ಹಿಡಿದ.

ಮಾರ್ಗರೆಟ್ ಅವರ ಊಟದ ಮೇಜಿನ ಮೇಲೆ ಪೆಟ್ಟಿಗೆ ಇಟ್ಟು ಮೊದಲ ರೆಕಾರ್ಡನ್ನು ಹೊರತೆಗೆದಾಗ ಅವನಿಗೆ ಗೊತ್ತಾಯಿತು. ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಅದರ ಅಂಚು ಮೇಲೆದ್ದಿತ್ತು. ಎರಡನೆಯದೂ ಹಾಗೆಯೇ. ಮೂರನೆಯದನ್ನು ತೆಗೆಯಲು ಕೈ ಬರಲಿಲ್ಲ.

"ಕಾರಿನಲ್ಲಿ ಬಿಟ್ಟಿದ್ದೆ," ಎಂದ. "ಎರಡು ದಿನ. ನನ್ನ ತಪ್ಪು."

ಮಾರ್ಗರೆಟ್ ರೆಕಾರ್ಡಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಸೀಡಿಗಳು?"

"ಅವು ಚೆನ್ನಾಗಿವೆ."

"ಹಾಗಾದರೆ ಹಾಕಿ. ಏಳನೆಯದು."

ಅವನು ಹಾಕಿದ. ಪಿಟೀಲುಗಳು ತಗ್ಗಿದವು. ಮಾರ್ಗರೆಟ್ ಒಂದು ಕೈ ಎತ್ತಿ ಕಾದರು. ಓಬೋ ಶುರುವಾಯಿತು. ಎತ್ತಿದ ಕೈ ಹಾಗೇ ಉಳಿಯಿತು.

"ಮತ್ತೊಮ್ಮೆ ಹಾಕಿ."

ಮತ್ತೊಮ್ಮೆ ಹಾಕಿದ.

"ಲೆನರ್ಡ್ ಎಲ್ಲಿ?" ಎಂದರು ಮಾರ್ಗರೆಟ್.

ಶ್ಯಾಮಸುಂದರನಿಗೆ ಅರ್ಥವಾಗಲಿಲ್ಲ. "ಊದುತ್ತಿರುವುದು ಅವರೇ ಅಲ್ಲವೇ?"

"ಅದು ಓಬೋ. ಅದಕ್ಕೆ ಮೊದಲು ಅವನು ಉಸಿರು ಎಳೆದುಕೊಳ್ಳುತ್ತಾನೆ. ಜೋರಾಗಿ. ರೆಕಾರ್ಡಿಂಗಿನವರು ಬೈದಿದ್ದರು, ಮೂರು ಸಲ ಮತ್ತೆ ಮತ್ತೆ ಊದಿಸಿದರು, ಆದರೂ ಅದು ಹೋಗಲಿಲ್ಲ. ಅವನು ಹೋದ ಮೇಲೆ ನಾನು ಅದನ್ನೇ ಕೇಳುತ್ತಿದ್ದೆ. ಓಬೋ ಯಾರು ಬೇಕಾದರೂ ಊದಬಹುದು."

ಶ್ಯಾಮಸುಂದರನಿಗೆ ಪರದೆಯ ಮೇಲಿನ ಆ ಮೊಂಡು ಸದ್ದು ಕಣ್ಣಿಗೆ ಕಟ್ಟಿತು. ಅದನ್ನು ಒರೆಸಿದ್ದು ತಾನೇ ಎಂದೂ, ಮೂಲ ಪ್ರತಿ ಈಗಿಲ್ಲವೆಂದೂ ಹೇಳಿದ. ಮುಚ್ಚಿಡಬಹುದೆಂಬ ಯೋಚನೆಯೂ ಅವನಿಗೆ ಬರಲಿಲ್ಲ, ಅಷ್ಟು ಸುಸ್ತಾಗಿತ್ತು. ಮಾರ್ಗರೆಟ್ ಬೈಯಲಿಲ್ಲ. ತನಗೆ ಸ್ವಲ್ಪ ಮಲಗಬೇಕಾಗಿದೆ ಎಂದರು. ಏಳನೇ ರೆಕಾರ್ಡನ್ನು ಮತ್ತೊಮ್ಮೆ ತೆಗೆದುಕೊಂಡು ಹೋಗಲೇ ಎಂದು ಕೇಳಿದಾಗ, "ಇನ್ನು ಅದರಲ್ಲಿ ಹಾಳಾಗಲು ಏನಿದೆ," ಎಂದು ಕೊಟ್ಟರು.

ಮನೆಗೆ ಬಂದು ನಾಲ್ಕು ದಿನ ಅವನು ಕಂಪ್ಯೂಟರ್ ಹಚ್ಚಲಿಲ್ಲ. ಅಂಗಿಗೆ ಇಸ್ತ್ರಿ ಹಾಕಲಿಲ್ಲ. ಐದನೆಯ ದಿನ ಕೃಷ್ಣವೇಣಿ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

"ಕೆಲಸ ಹೋದದ್ದಕ್ಕ ನೀವೇನೂ ಮಾಡ್ಲಿಕ್ಕೆ ಬರೋದಿಲ್ಲ. ಅದನ್ನ ನಾನೂ ಒಪ್ಪತೀನಿ. ಇದಕ್ಕರೆ ಏನರೆ ಮಾಡ್ರಿ."

"ಏನ ಮಾಡ್ಲಿ ವೇಣಿ? ಪ್ಲಾಸ್ಟಿಕ್ ಸುಟ್ಟಂಗ ಆಗೇದ."

"ಬಿಸಿಲಿಗೆ ಬಾಗಿದ್ದು ಬಿಸಿಲಿಗೇ ನೆಟ್ಟಗ ಆಗೋದಿಲ್ಲೇನು? ಅಂಗಿ ಮಡಿಕಿ ಬಿದ್ರ ಕಾಸಿ ಒತ್ತತೀರಲ್ಲ."

ಅವಳು ಬೇಸರದಲ್ಲಿ ಅಂದ ಮಾತು. ಆದರೆ ಅವನು ಎದ್ದ. ಆಸ್ಟಿನ್‌ನ ಹಳೆಯ ರೆಕಾರ್ಡಿನ ಅಂಗಡಿಗಳಲ್ಲಿ ಇದರ ಇನ್ನೊಂದು ಪ್ರತಿ ಸಿಕ್ಕೀತೇ ನೋಡೆಂದು ಇಂಚರಾಳಿಗೆ ಹೇಳಿದ. ಮೂರು ಶನಿವಾರ ಅವಳು ಹುಡುಕಿದಳು. "ಸಾರಿ ಡ್ಯಾಡ್, ನೋಬಡಿ ಹ್ಯಾಸ್ ಇಟ್," ಎಂದು ಫೋನ್ ಮಾಡಿದಳು. ಅಷ್ಟರಲ್ಲಿ ಇವನು ದಪ್ಪನೆಯ ಎರಡು ಗಾಜಿನ ಹಲಗೆ ತಂದಿದ್ದ. ಕೆಲಸಕ್ಕೆ ಬಾರದ ಹಳೆಯ ರೆಕಾರ್ಡು ಒಂದನ್ನು ಅವುಗಳ ನಡುವೆ ಇಟ್ಟು, ಹಿತ್ತಿಲ ಸಿಮೆಂಟ್ ಕಟ್ಟೆಯ ಮೇಲೆ ಬಿಸಿಲಿಗೆ ಹಾಕಿದ. ಅದರ ಗೆರೆಗಳೇ ಕರಗಿಹೋದವು. ಎರಡನೆಯದನ್ನು ಬೆಳಗಿನ ಎಳೆ ಬಿಸಿಲಿಗೆ ಹಾಕಿ, ಹದಿನೈದು ನಿಮಿಷಕ್ಕೊಮ್ಮೆ ಅಡುಗೆಮನೆಯ ಥರ್ಮಾಮೀಟರಿನಿಂದ ಅಳೆದು, ನೆರಳಿಗೆ ಎಳೆದು ಆರಿಸಿದ. ಅದು ಸ್ವಲ್ಪ ಚಪ್ಪಟೆಯಾಯಿತು. ಹೀಗೆ ಆರು ರೆಕಾರ್ಡುಗಳ ಮೇಲೆ ಕೈ ಪಳಗಿಸಿಕೊಂಡು, ಸೆಪ್ಟೆಂಬರ್ ಕೊನೆಯ ವಾರ ಲೆನರ್ಡನ ರೆಕಾರ್ಡನ್ನು ಗಾಜಿನ ನಡುವೆ ಇಟ್ಟ. ಮೂರು ಬೆಳಗು ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತ. ಮೂರನೆಯ ಬೆಳಗು ಒಂದು ಕಂಪನಿಯಿಂದ ಫೋನ್ ಬಂತು. ಆಮೇಲೆ ಮಾಡುತ್ತೇನೆಂದು ಹೇಳಿ ಇಟ್ಟ.

ಪೂರ್ತಿ ನೆಟ್ಟಗಾಗಲಿಲ್ಲ. ಮುಳ್ಳು ಹಾರದಿರಲೆಂದು ಅದರ ತಲೆಗೆ ಒಂದು ನಾಣ್ಯ ಅಂಟಿಸಬೇಕಾಯಿತು. ತಟ್ಟೆ ಒಂದೊಂದು ಸುತ್ತಿಗೂ ಏರಿ ಇಳಿಯುತ್ತಿತ್ತು, ಸ್ವರಗಳೂ ಅದರೊಂದಿಗೆ ತೂಗಾಡುತ್ತಿದ್ದವು. ಆದರೆ ಪಿಟೀಲುಗಳು ತಗ್ಗಿದಾಗ, ಆ ಹೊಯ್ದಾಟದ ನಡುವೆಯೇ, ಯಾರೋ ಮೂಗಿನಿಂದ ದೀರ್ಘವಾಗಿ ಗಾಳಿ ಎಳೆದುಕೊಂಡದ್ದು ಕೇಳಿಸಿತು. ಈಗ ಅದು ಉಸಿರಲ್ಲದೆ ಬೇರೇನೂ ಆಗಿರಲು ಸಾಧ್ಯವಿರಲಿಲ್ಲ. ಇಷ್ಟು ಸ್ಪಷ್ಟವಾದದ್ದು ಅಂದು ತನಗೆ ಹೇಗೆ ತಿಳಿಯಲಿಲ್ಲವೆಂದು ಶ್ಯಾಮಸುಂದರನಿಗೆ ನಾಚಿಕೆಯಾಯಿತು. ಅದನ್ನು ಹಾಗೆಯೇ, ಒಂದು ಚಟಪಟವನ್ನೂ ಮುಟ್ಟದೆ, ಸೀಡಿಗೆ ಇಳಿಸಿದ.

ಈ ಸಲ ಕೃಷ್ಣವೇಣಿಯೂ ರಜೆ ಹಾಕಿ ಜೊತೆಗೆ ಬಂದಳು. ದಾರಿಯಲ್ಲಿ ಅರ್ಧ ಅವಳೇ ಓಡಿಸಿದಳು.

ಮಾರ್ಗರೆಟ್ ಬಾಗಿಲು ತೆರೆಯಲು ಮೊದಲಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಶ್ಯಾಮಸುಂದರ ಏನೂ ವಿವರಿಸದೆ ಸೀಡಿ ಹಾಕಿದ. ಸ್ವರಗಳು ತೂಗಾಡತೊಡಗಿದಾಗ ಅವರ ಹುಬ್ಬು ಗಂಟಿಕ್ಕಿತು. ಕೃಷ್ಣವೇಣಿ ಗಂಡನ ಮುಖ ನೋಡಿದಳು. ಪಿಟೀಲುಗಳು ತಗ್ಗಿದವು. ಉಸಿರು ಬಂತು.

ಮಾರ್ಗರೆಟ್ ಕಣ್ಣು ಮುಚ್ಚಿದರು. ಓಬೋ ತನ್ನ ಹಾಡು ಮುಗಿಸುವವರೆಗೂ ತೆರೆಯಲಿಲ್ಲ.

"ಇದನ್ನು ಕೇಳಿದ್ದರೆ ಲೆನರ್ಡ್ ನಿಮ್ಮನ್ನು ಕೊಂದೇಬಿಡುತ್ತಿದ್ದ," ಎಂದರು. "ಜೀವಮಾನದಲ್ಲಿ ಒಂದು ಸಲವೂ ಅವನ ಶ್ರುತಿ ತಪ್ಪಿರಲಿಲ್ಲ."

"ಉಳಿದ ಹತ್ತನ್ನೂ ಹೀಗೆಯೇ ಮಾಡಿಕೊಡಲು ಪ್ರಯತ್ನಿಸುತ್ತೇನೆ," ಎಂದ ಶ್ಯಾಮಸುಂದರ.

"ಬೇಡ. ಅವುಗಳಲ್ಲಿ ಅವನು ಎಲ್ಲರ ಜೊತೆ ಸೇರಿ ಊದಿದ್ದಾನೆ. ನಿಮ್ಮ ಸೀಡಿಗಳೇ ಸಾಕು." ಆಮೇಲೆ ಹೇಳಿದರು, "ನನಗೆ ನಿಮ್ಮ ಮೇಲೆ ತುಂಬ ಸಿಟ್ಟಿತ್ತು. ಸಿಟ್ಟು ಇಟ್ಟುಕೊಳ್ಳಲೂ ಈಗ ಶಕ್ತಿ ಸಾಲದು."

ಕೃಷ್ಣವೇಣಿ ತಾನೇ ಎದ್ದು ಅಡುಗೆಮನೆಗೆ ಹೋಗಿ ಚಹಾ ಮಾಡಿ, ಕಪ್ಪಿನಲ್ಲಿ ಅರ್ಧ ಮಾತ್ರ ತುಂಬಿ ಮಾರ್ಗರೆಟ್ ಅವರ ಎರಡೂ ಕೈಗಳ ನಡುವೆ ಇಟ್ಟಳು. ಕೈ ನಡುಗಿತು, ಚೆಲ್ಲಲಿಲ್ಲ. ಆ ಬೇಲಿ ಕತ್ತರಿಸುವವನ ಹೆಸರು ನಿಮಗೇನಾದರೂ ಗೊತ್ತೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮಾರ್ಗರೆಟ್ ಇಲ್ಲವೆಂದು ತಲೆಯಾಡಿಸಿದರು. ಯಾರೂ ಕೇಳಿರಲಿಲ್ಲ ಎಂದರು, ತಾನೂ ಸಹ.

ಮರಳುವಾಗ ಶ್ಯಾಮಸುಂದರ ಊರು ದಾಟುವ ಮೊದಲೇ ಪಕ್ಕದ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೋದ. ಕೃಷ್ಣವೇಣಿ ಅವನನ್ನು ಎಬ್ಬಿಸಲಿಲ್ಲ. ಅಲೆನ್‌ವರೆಗೂ ತಾನೇ ಓಡಿಸಿದಳು.