ಸಡಿಲ ಮುಚ್ಚಳದ ಡಬ್ಬಿ

ತೀರಿಕೊಂಡ ಸೂರ್ಯಕಾಂತ ಮಾಸ್ತರರ ಮಣ್ಣಿಗೆ ಬಂದಿದ್ದ ನೆಂಟರೆಲ್ಲ ತಮ್ಮ ತಮ್ಮ ಊರಿಗೆ ಹೋಗಿದ್ದರು. ಹುಮನಾಬಾದಿನ ಆ ಮನೆಯಲ್ಲಿ ಮತ್ತೆ ಮಾಮೂಲಿ ಬೆಳಗು. ಹಾಲು ಬಂತು, ನಲ್ಲಿ ನೀರು ಬಂತು. ಮಾಸ್ತರರ ಹೆಂಡತಿ ಮುಕ್ತಾಬಾಯಿ ಎರಡು ಕಪ್ಪಿಗೆ ಚಹಾ ಸೋಸಿದಳು, ಮೂರನೆಯ ಕಪ್ಪನ್ನು ತೊಳೆದಿಟ್ಟಳು.

ಅಂಗಳದಲ್ಲಿ ಮಾಸ್ತರರು ಶಾಲೆಯ ಮಕ್ಕಳಿಗಾಗಿ ಕಟ್ಟಿದ ಪುಟ್ಟ ವಿಮಾನವಿತ್ತು. ಅದರ ಎಂಜಿನ್ ಮಾತ್ರ ಬಸವಕಲ್ಯಾಣದ ಗೆಳೆಯ ಮೊಹಿನುದ್ದೀನರದು. 'ಹಾರಿಸೇ ವಾಪಸ್ ಕೊಡ್ತೀನಿ' ಎಂದು ಮಾಸ್ತರರು ಮಾತು ಕೊಟ್ಟು ತಂದಿದ್ದರು.

ಗಂಡ ಬೆರೆಸಿಟ್ಟಿದ್ದ ಇಂಧನವನ್ನೇ ತುಂಬಿ, ಬ್ಯಾಟರಿ ತಂತಿ ಸಿಕ್ಕಿಸಿ, ಮುಕ್ತಾಬಾಯಿ ಕೋಲಿನಿಂದ ಮೂತಿಯ ಪಂಖ ತಿರುವಿದಳು. ಎಂಜಿನ್ ಕೆಮ್ಮಿ ನಿಂತಿತು. ಮತ್ತೆ ತಿರುವಿದಳು. ಮತ್ತೆ ಕೆಮ್ಮು.

"ಬಿಡವ್ವಾ," ಎಂದಳು ಹೊಸ್ತಿಲ ಮೇಲೆ ಕುಳಿತಿದ್ದ ಅತ್ತೆ ಸಖುಬಾಯಿ. "ಅವನ ಜೋಡಿನೇ ಅದರ ಜೀವಾನೂ ಹೋಗ್ಯಾದ."

"ಎಂಜಿನ್ ಚಲೋ ಅದರಿ ಅತ್ತಿ. ಎಣ್ಣಿ ಕೆಟ್ಟದ."

"ನನ್ನ ಮಗ ತನ್ನ ಕೈಲೇ ಬೆರೆಸಿದ್ದು, ಅದ್ಹ್ಯಾಂಗ ಕೆಡ್ತದ? ನಿನಗ ಕಾಲೇಜಿನ್ಯಾಗ ಇದೇ ಕಲಿಸ್ಯಾರೇನು?"

"ಇದನ್ನೇ ಕಲಿಸ್ಯಾರ್ರಿ. ಮುಚ್ಚಳ ಸಡಿಲ, ಡಬ್ಬಿ ಅರ್ಧ ಖಾಲಿ, ಮಳಿಗಾಲ ಪೂರ್ತಿ ಹಿಂಗೇ ಇತ್ತು. ಇದರಾಗಿನ ಸ್ಪಿರಿಟ್ ಉಪ್ಪಿನಂಗ ಗಾಳ್ಯಾಗಿನ ನೀರು ಹೀರ್ತದ. ಆಮ್ಯಾಲ ಎಂಜಿನ್ಯಾಗ ಸರಿಯಾಗಿ ಉರಿಯಂಗಿಲ್ಲ. ಒಳಗಿನ ಕಬ್ಬಿಣಕ್ಕ ಜಂಗೂ ಹಿಡಿಸ್ತದ."

"ಹಂಗಾದ್ರ ಒಲಿಗೆ ಹಾಕ್ತೀನಿ, ತಾ. ಚೆಲ್ಲಾಕ ನಾ ಬಿಡಂಗಿಲ್ಲ."

ಮುಕ್ತಾಬಾಯಿ ಡಬ್ಬಿಯನ್ನು ಹಿಂದಕ್ಕೆಳೆದುಕೊಂಡಳು. "ಬ್ಯಾಡ್ರಿ. ಹಗಲಿನ್ಯಾಗ ಇದರ ಉರಿ ಕಣ್ಣಿಗೆ ಕಾಣಂಗಿಲ್ಲ. ಒಂದು ಗುಟುಕು ಹೊಟ್ಟಿಗೆ ಹೋದ್ರೂ ವಿಷ." "ಎಣ್ಣಿ ಅವರ ಕೈಲೇ ಬೆರೆಸಿದ್ದು, ಖರೇ. ಕೊಟ್ಟ ಮಾತೂ ಅವರದೇ ಅಲ್ರಿ? ಯಾವುದು ಉಳಿಸೋಣು?"

ಸಖುಬಾಯಿ ಡಬ್ಬಿಯತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಮಾತು," ಎಂದಳು.

ಕಪಾಟಿನಲ್ಲಿ ಅದೇ ಇಂಧನದ, ಸೀಲು ಒಡೆಯದ ಹೊಸ ಡಬ್ಬಿಯೊಂದಿತ್ತು. ವಿಮಾನದ ಟ್ಯಾಂಕಿನಿಂದ ಹಳೆಯದನ್ನು ಪೂರ್ತಿ ಬಸಿದು ಅದನ್ನು ತುಂಬಿದರು. ಶಾಲೆಯ ಬಯಲಿನಲ್ಲಿ ಮೊದಲ ಏಟಿಗೇ ಎಂಜಿನ್ ಕಿರ್ರೆಂದಿತು. ಸಖುಬಾಯಿ ಸೆರಗು ಬಿಗಿದು, ವಿಮಾನವನ್ನು ಹಿಡಿದು, ಕೈಬಿಟ್ಟಳು. ವಿಮಾನಕ್ಕೆ ಕಟ್ಟಿ ಮುಕ್ತಾಬಾಯಿ ಕೈಯಲ್ಲಿ ಹಿಡಿದಿದ್ದ ಉದ್ದನೆಯ ದಾರ ಬಿಗಿಯಾಯಿತು. ವಿಮಾನ ಅವಳ ಸುತ್ತ ಸುತ್ತುತ್ತ ನೆತ್ತಿಗಿಂತ ಮೇಲೇರಿತು.

"ಹಾರಾಕತ್ತದ," ಎಂದಳು ಸಖುಬಾಯಿ, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು. "ನನ್ನ ಮಗಂದು, ನೋಡ್ರಿ."

ಉಳಿದ ಹಳೆಯ ಇಂಧನವನ್ನು ಶಾಲೆಯ ಪ್ರಯೋಗಶಾಲೆಗೆ ಒಪ್ಪಿಸಿ, ಎಂಜಿನ್ ಬಿಚ್ಚಿಕೊಂಡು, ಸಂಜೆ ಬಸ್ಸಿಗೆ ಅತ್ತೆ ಸೊಸೆ ಬಸವಕಲ್ಯಾಣಕ್ಕೆ ಹೋದರು. ಮೊಹಿನುದ್ದೀನರ ಅಂಗೈಯಲ್ಲಿ ಮುಕ್ತಾಬಾಯಿ ಎಂಜಿನ್ ಇಟ್ಟಳು.

"ಹಾರಿಸೇ ತಂದೀವ್ರಿ ಭಾಯಿ."

ವಿಮಾನ ಹಾರಿಸುವ ಗೆಳೆಯರೇ, ನಿಮ್ಮ ಡಬ್ಬಿಯನ್ನೂ ಇಂದೇ ತೆಗೆದು ನೋಡಿ. ತೆರೆದ ತಾರೀಖನ್ನು ಅದರ ಮೇಲೆ ಬರೆಯಿರಿ. ಮುಚ್ಚಳ ಬಿಗಿದು, ಬೆಂಕಿಗೂ ಮಕ್ಕಳ ಕೈಗೂ ದೂರವಾಗಿ ನೆರಳಿನಲ್ಲಿಡಿ. ಹಳೆಯದೆಂದು ಅನುಮಾನ ಬಂದರೆ, ಬೆರೆಸಿದ ಕೈ ಯಾರದೇ ಇರಲಿ, ಎಂಜಿನ್ನಿಗೆ ಹಾಕಬೇಡಿ.